ಸೋಬಾ ಇಲ್ಲದ ಸೋಬಾ

ಯಾಕಿಸೋಬಾ ‘ಅಸಲಿ’ ಜಪಾನಿ ತಿನಿಸಲ್ಲ ಎಂದು ಮೂಗು ಮುರಿಯುವವರ ಮೇಲೆ ನನಗೆ ಸಿಟ್ಟಿದೆ. ಹೌದು, ಸೋಬಾ ಎಂದರೆ ಬಕ್‌ವೀಟ್, ಇದರಲ್ಲಿರುವುದು ಗೋಧಿ. ನೂಡಲ್ಸ್ ಚೀನಾದ ಬಗೆಯದು, ಸಾಸ್ ಇಂಗ್ಲೆಂಡಿನ ವೂಸ್ಟರ್ ಸಾಸಿನ ಸಂತಾನ. ಆದರೇನು? ಅಲ್ಲಿನ ಜಾತ್ರೆಗಳಲ್ಲಿ ಕಾದ ಕಬ್ಬಿಣದ ಹೆಂಚಿನ ಮೇಲೆ ಎಲೆಕೋಸು, ಹಂದಿಮಾಂಸದೊಡನೆ ಅದು ಚುರುಗುಟ್ಟುವಾಗ ಸಾಲಿನಲ್ಲಿ ನಿಂತವರು ವಂಶಾವಳಿ ಕೇಳುತ್ತಾರೆಯೇ? ಪದಮೂಲ ಕೆದಕುವುದೇ ಕಸುಬಾದ ನನ್ನಂಥ ಸಂಶೋಧಕರು ಕೇಳುತ್ತೇವೆ. ಕಚೇರಿಗಳೂ ಕೇಳುತ್ತವೆ. ಓಕಿನಾವಾದವರು ತಮ್ಮ ಗೋಧಿ ನೂಡಲ್ಸನ್ನು ‘ಸೋಬಾ’ ಎನ್ನಕೂಡದೆಂದು 1976ರಲ್ಲಿ ಜಪಾನಿನ ವ್ಯಾಪಾರ ಆಯೋಗ ತಕರಾರು ತೆಗೆಯಿತು. ಅಮೆರಿಕದ ಆಡಳಿತ ಕಳೆದು ಆ ದ್ವೀಪಗಳು ಜಪಾನಿಗೆ ಮರಳಿ ಆಗಿನ್ನೂ ನಾಲ್ಕೇ ವರ್ಷ. ಯಾಕಿಸೋಬಾದಲ್ಲೂ ಬಕ್‌ವೀಟ್ ಇರಲಿಲ್ಲವಲ್ಲ, ಸ್ವಾಮಿ! ಓಕಿನಾವಾದ ತಯಾರಕರು ಪಟ್ಟು ಬಿಡಲಿಲ್ಲ. 1978ರ ಅಕ್ಟೋಬರ್ 17ರಂದು ಹೆಸರಿಗೆ ಒಪ್ಪಿಗೆ ಸಿಕ್ಕಿತು. ಆ ದಿನ ಈಗ ಅಲ್ಲಿ ಸೋಬಾ ದಿನ.