ಕಾರಿನ ಗಾಜೂ ಮಕ್ಕಳ ಬೆರಳೂ

ಸದಸ್ಯ ಬಾಂಧವರಲ್ಲಿ ಹಲವರ ಮನೆಗೆ ಈಚೆಗೆ ಕಾರು ಬಂದಿದೆ. ಸಂತೋಷವೇ. ಕೈಯಿಂದ ಹಿಡಿ ತಿರುಗಿಸಿ ಗಾಜು ಏರಿಸುತ್ತಿದ್ದಾಗ ನಡುವೆ ಏನಾದರೂ ಸಿಕ್ಕಿದರೆ ಆ ಕೈಗೇ ತಿಳಿಯುತ್ತಿತ್ತು. ಮೋಟಾರಿಗೆ ಆ ತಿಳಿವಳಿಕೆಯಿಲ್ಲ.

ಕಳೆದ ಕೊಯ್ಲಿನಲ್ಲಿ ಸಂಘದ ಅಂಗಳದಲ್ಲಿ ಅಡಿಕೆ ತೂಗಿಸಲು ನಾವು ಚಾವಿ ಬಿಟ್ಟೇ ಇಳಿದಿದ್ದೆವು. ಹಿಂದಿನ ಕಿಟಕಿಯಲ್ಲಿ ಮೊಮ್ಮಗಳು ಕೈ ಹೊರಗಿಟ್ಟಿದ್ದಳು. ಅವಳ ಅಣ್ಣ ಚಾಲಕನ ಸೀಟಿಗೆ ಹತ್ತಿ ಗುಂಡಿ ಎಳೆದ. ಹಮಾಲಿಯೊಬ್ಬರು ಕೂಗಿದ್ದರಿಂದ ಬೆರಳು ತರಚಿದಷ್ಟಕ್ಕೇ ಮುಗಿಯಿತು. ಹುಡುಗನನ್ನು ಗದರಿ ಫಲವೇನು? ತಪ್ಪು ಚಾವಿ ಬಿಟ್ಟವರದು.

ಚಾಲಕನ ಬಾಗಿಲಲ್ಲಿ ಉಳಿದ ಕಿಟಕಿಗಳ ಗುಂಡಿಗಳನ್ನು ತಡೆಯುವ ಬೀಗದ ಗುಂಡಿಯೊಂದಿರುತ್ತದೆ. ಮಕ್ಕಳು ಹಿಂದೆ ಕುಳಿತಾಗ ಅದನ್ನು ಒತ್ತಿಡತಕ್ಕದ್ದು. ಆದರೆ ಚಾಲಕನ ಬಳಿಯ ಗುಂಡಿಗಳನ್ನು ಅದು ಸಾಮಾನ್ಯವಾಗಿ ತಡೆಯದು. ಕೆಲವು ಕಾರುಗಳಲ್ಲಿ ಚಾವಿ ತೆಗೆದ ಮೇಲೂ ಸ್ವಲ್ಪ ಹೊತ್ತು ಗಾಜು ಓಡಾಡುತ್ತದೆ.

ಅಡ್ಡಿ ಸಿಕ್ಕೊಡನೆ ಗಾಜು ತಾನೇ ಕೆಳಗಿಳಿಯುವ ಏರ್ಪಾಡೂ ಉಂಟು. ಯುರೋಪಿನ ನಿಯಮದಲ್ಲಿ ಇಂಥ ಏರ್ಪಾಡಿಗೆ ಒತ್ತಡದ ಮಿತಿ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ತೂಕದಷ್ಟು. ಅಮೆರಿಕದಲ್ಲಿ 2005ರ ಕಾನೂನು ಗುಂಡಿಯನ್ನು ಮೇಲಕ್ಕೆಳೆದರೆ ಮಾತ್ರ ಗಾಜು ಏರಬೇಕೆಂದು ವಿಧಿಸಿತು. ಮಗುವಿನ ಮೊಣಕಾಲು ಊರಿ ಏರದಿರಲೆಂದು. ನಮ್ಮಲ್ಲಿ ಮಾರುವ ಅನೇಕ ಕಾರುಗಳಲ್ಲಿ ತಾನೇ ಇಳಿಯುವ ಏರ್ಪಾಡು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳು ಕೂರುವುದು ಹಿಂದೆ! ನಾಲ್ಕೂ ಕಿಟಕಿಗೆ ಇದು ಕಡ್ಡಾಯವಾಗಲೆಂಬುದು ನಮ್ಮ ಅಭಿಪ್ರಾಯ.

ಅಂಗಡಿಯವರು ಬಣ್ಣ, ಮೈಲೇಜುಗಳ ಮಾತೇ ಆಡುತ್ತಾರೆ. ಕೊಳ್ಳುವ ಮುನ್ನ ಇದನ್ನೂ ಕೇಳಿರಿ. ಪರೀಕ್ಷಿಸುವುದಾದರೆ ಸುರುಳಿ ಸುತ್ತಿದ ಕಾಗದ ಇಟ್ಟು ನೋಡಿರಿ, ಬೆರಳನ್ನಲ್ಲ.