ಕೀಲಿಯ ದೋಷ, ಬೆರಳಿನ ಮೇಲೆ ಅಪವಾದ

ಬೇಸಿಗೆಯ ರಜೆಯಲ್ಲಿ ಮೊಮ್ಮಕ್ಕಳು ಊರಿಗೆ ಬಂದಾಗ ನಮ್ಮ ಬಂಧುಗಳ ಮನೆಗಳಲ್ಲಿ ಈಚೆಗೆ ಒಂದು ಹೊಸ ನೋಟ ಕಾಣಸಿಗುತ್ತಿದೆ. ೧೯೯೦ರ ದಶಕದಲ್ಲಿ ಬ್ಯಾಂಕು, ಕಾಲೇಜು, ಸರಕಾರಿ ಕಚೇರಿಗಳಲ್ಲಿ ಸೇವೆಯಲ್ಲಿದ್ದು, ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡಿದವರು ಇಂದು ನಿವೃತ್ತರಾಗಿ ಅಜ್ಜಂದಿರಾಗಿದ್ದಾರೆ. ಅದೇ ಆಟವನ್ನು ಮೊಮ್ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಹಚ್ಚಿಕೊಂಡು, “ಆಡಿ ತೋರಿಸಜ್ಜ” ಎನ್ನುತ್ತಾನೆ. ಅಜ್ಜನವರು ಕೂಡುತ್ತಾರೆ. ರಾಜಕುಮಾರನು ನಿಲ್ಲಬೇಕಾದಲ್ಲಿ ಓಡುತ್ತಾನೆ, ಅಂಚನ್ನು ಹಿಡಿಯಬೇಕಾದಲ್ಲಿ ಹಿಡಿಯದೆ ಕೆಳಗಿನ ಮೊಳೆಗಳ ಮೇಲೆ ಬೀಳುತ್ತಾನೆ. “ವಯಸ್ಸಾಯಿತಪ್ಪ, ಬೆರಳು ಮೊದಲಿನ ಹಾಗೆ ಮಾತು ಕೇಳುವುದಿಲ್ಲ” ಎಂದು ಅವರು ಎದ್ದುಬಿಡುತ್ತಾರೆ.

ಶರಣ ಸಾಹಿತ್ಯ, ಸಂಸ್ಕಾರಗಳ ವಿಚಾರ ಬರುವ ಪತ್ರಿಕೆಯಲ್ಲಿ ಗಣಕಯಂತ್ರದ ಆಟದ ಮಾತೇಕೆ ಎಂದು ಕೆಲವು ಹಿರಿಯರು ಕೇಳಿಯಾರು. ಮಕ್ಕಳು ಹಗಲಿಡೀ ಪರದೆಯ ಮುಂದೆ ಕೂಡುವುದನ್ನು ನಾವೂ ಮೆಚ್ಚುವವರಲ್ಲ. ಆದರೆ ತಮ್ಮದಲ್ಲದ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡು ಹಿರಿಯರೊಬ್ಬರು ಮೊಮ್ಮಗನ ಪಕ್ಕದಿಂದ ಎದ್ದುಹೋಗುವುದು ನಮಗೆ ಚಿಕ್ಕ ಸಂಗತಿಯಾಗಿ ತೋರುವುದಿಲ್ಲ. ಇಂತಹ ಸಂದರ್ಭಗಳಲ್ಲಿ ಬಹುಪಾಲು ದೋಷವಿರುವುದು ಬೆರಳಿನಲ್ಲಲ್ಲ, ಬೆರಳಿಗೂ ಆಟಕ್ಕೂ ನಡುವಿನ ದಾರಿಯಲ್ಲಿ.

ಆ ದಾರಿ ಅಂದು ನೇರವಾಗಿತ್ತು. ಜೋರ್ಡನ್ ಮೆಕ್ನರ್ ಅವರು ರಚಿಸಿದ ಈ ಆಟ ೧೯೮೯ರಲ್ಲಿ ಆಪಲ್ ಯಂತ್ರಕ್ಕೂ ೧೯೯೦ರಲ್ಲಿ ಡಾಸ್ ಯಂತ್ರಗಳಿಗೂ ಬಂದಿತು. ಅಂದು ಕೀಲಿಮಣೆ ಮಾತಾಡುತ್ತಿತ್ತು, ಆಟ ಕೇಳುತ್ತಿತ್ತು. ಇಂದು ಹಾಗಲ್ಲ. ಡಾಸ್‌ಬಾಕ್ಸ್‌ನಂತಹ ತಂತ್ರಾಂಶವೊಂದು ಹಳೆಯ ಯಂತ್ರದ ವೇಷ ಕಟ್ಟಿ ನಿಂತಿರುತ್ತದೆ. ಇದನ್ನೇ ಎಮ್ಯುಲೇಟರ್ ಎನ್ನುತ್ತಾರೆ. ಕೀಲಿಯ ಸುದ್ದಿ ಮೊದಲು ವಿಂಡೋಸ್‌ಗೆ, ಅಲ್ಲಿಂದ ಈ ವೇಷಧಾರಿಗೆ, ಕೊನೆಗೆ ಆಟಕ್ಕೆ ತಲುಪಬೇಕು. ಕೈಯಿಂದ ಕೈಗೆ ದಾಟುವ ಸುದ್ದಿ ನಡುವೆ ಎಲ್ಲಿ ಬೇಕಾದರೂ ಕೆಡಬಹುದು.

ಕೀಲಿಮಣೆ ಅಕ್ಷರಗಳನ್ನು ಕಳಿಸುತ್ತದೆ ಎಂದೇ ನಾವೆಲ್ಲ ತಿಳಿದಿರುತ್ತೇವೆ. ವಾಸ್ತವದಲ್ಲಿ ೧೯೮೧ರ ಐಬಿಎಂ ಪಿಸಿ ಕಳಿಸುತ್ತಿದ್ದುದು ಕೀಲಿಯ ಸ್ಥಾನವನ್ನು ಸೂಚಿಸುವ ಒಂದು ಸಂಖ್ಯೆಯನ್ನು. ‘ಡಿ’ ಕೀಲಿಯ ಸಂಖ್ಯೆ ೩೨. ಅದನ್ನು ಒತ್ತಿದಾಗ ೩೨ ಹೋಗುತ್ತದೆ, ಬಿಟ್ಟಾಗ ಅದಕ್ಕೆ ೧೨೮ ಕೂಡಿ ೧೬೦ ಹೋಗುತ್ತದೆ. ಬರಹಕ್ಕೆ ಒತ್ತಿದ ಸುದ್ದಿ ಸಾಕು. ಆಟಕ್ಕೆ ಬಿಟ್ಟ ಸುದ್ದಿಯೂ ಅಷ್ಟೇ ಮುಖ್ಯ. ಅದು ಬಾರದಿದ್ದರೆ ಕೀಲಿ ಇನ್ನೂ ಒತ್ತಿಯೇ ಇದೆಯೆಂದು ಆಟ ನಂಬುತ್ತದೆ, ರಾಜಕುಮಾರ ಓಡುತ್ತಲೇ ಇರುತ್ತಾನೆ.

ಈ ಎರಡನೆಯ ಸುದ್ದಿ ಕಳೆದುಹೋಗುವ ಸಾಮಾನ್ಯ ಸಂದರ್ಭ ಒಂದಿದೆ. ಆಟದ ನಡುವೆ ಆಲ್ಟ್ ಮತ್ತು ಟ್ಯಾಬ್ ಒತ್ತಿ ಬೇರೆ ಕಿಟಕಿಗೆ ಹೋದರೆ, ಆಲ್ಟ್ ಒತ್ತಿದ್ದು ಆಟಕ್ಕೆ ತಿಳಿದಿರುತ್ತದೆ. ಬಿಟ್ಟದ್ದು ಬೇರೆ ಕಿಟಕಿಯ ಪಾಲಾಗಿರುತ್ತದೆ. ಮರಳಿ ಬಂದಾಗ ಎಲ್ಲ ಕೀಲಿಗಳೂ ಹುಚ್ಚುಹಿಡಿದಂತೆ ವರ್ತಿಸುವುದು ಇದರಿಂದ. ಆಟದೊಳಗೆ ಬಂದು ಆಲ್ಟ್ ಕೀಲಿಯನ್ನು ಇನ್ನೊಮ್ಮೆ ಒತ್ತಿ ಬಿಟ್ಟರೆ ಸರಿಹೋಗುತ್ತದೆ. ಹೊಸ ಕೀಲಿಮಣೆ ಕೊಳ್ಳಲು ಪೇಟೆಗೆ ಓಡುವ ಅಗತ್ಯವಿಲ್ಲ.

ಪ್ರಿನ್ಸ್ ಆಟಕ್ಕೆ ವಿಶೇಷವಾಗಿ ಅಂಟಿಕೊಳ್ಳುವ ತೊಂದರೆ ಶಿಫ್ಟ್ ಕೀಲಿಯದು. ಅಂಚು ಹಿಡಿಯುವುದಕ್ಕೂ, ಒಂದೊಂದೇ ಹೆಜ್ಜೆ ಇಡುವುದಕ್ಕೂ, ಕತ್ತಿ ಎತ್ತಿಕೊಳ್ಳುವುದಕ್ಕೂ ಅದೇ ಬೇಕು. ಆದರೆ ವಿಂಡೋಸ್‌ನಲ್ಲಿ ಶಿಫ್ಟನ್ನು ಬೆನ್ನುಬೆನ್ನಿಗೆ ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಪ್ರಶ್ನೆ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಹಿಡಿದರೆ ‘ಫಿಲ್ಟರ್ ಕೀಸ್’ ಬರುತ್ತದೆ. ಗಾಬರಿಯಲ್ಲಿ ಅದಕ್ಕೆ ಒಪ್ಪಿಗೆಯಿತ್ತರೆ ಯಂತ್ರವು ಚುಟುಕಾಗಿ ಒತ್ತಿದ ಕೀಲಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತಾಗಬಹುದು. ಆಗ ಎಂತಹ ಚುರುಕು ಬೆರಳೂ ಮಂದವೆನಿಸುವುದು ಸಹಜ. ಕೈನಡುಕವುಳ್ಳವರಿಗೆ, ಒಂದೇ ಕೈಯಿಂದ ಬರೆಯುವವರಿಗೆ ಈ ಸೌಲಭ್ಯಗಳು ನಿಜಕ್ಕೂ ಉಪಕಾರಿ, ಆದ್ದರಿಂದ ಅವುಗಳನ್ನು ನಿಂದಿಸಲಾರೆವು. ಆಟದ ಅವಧಿಗೆ ಮಾತ್ರ ವಿಂಡೋಸ್‌ನ ಸೆಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ ವಿಭಾಗದ ಕೀಬೋರ್ಡ್ ಪುಟದಲ್ಲಿ ಇವೆರಡನ್ನೂ ಆರಿಸಿಡಬೇಕು.

ಕೀಲಿಗಳೆಲ್ಲ ಸರಿಯಾಗಿ ತಲುಪುತ್ತಿದ್ದೂ ಆಟವೇ ಅತಿ ವೇಗವಾಗಿ ಓಡುತ್ತಿರುವುದೂ ಉಂಟು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್೧೧ ಒತ್ತಿದರೆ ವೇಗ ತಗ್ಗುತ್ತದೆ, ಎಫ್೧೨ ಒತ್ತಿದರೆ ಏರುತ್ತದೆ.

ಇನ್ನು ಕೀಲಿಗಳ ಜಾಗವೇ ಬದಲಾಗಿರುವ ವಿಚಾರ. ಮೊದಲ ಐಬಿಎಂ ಪಿಸಿಯ ಮಣೆಯಲ್ಲಿ ೮೩ ಕೀಲಿಗಳಿದ್ದವು; ಬಾಣದ ಗುರುತುಗಳು ಅಂಕಿಗಳ ಗುಂಪಿನಲ್ಲೇ ಇದ್ದವು. ಬಾಣಗಳು ಬೇರೆಯಾಗಿ ಕುಳಿತದ್ದು ೧೯೮೬ರ ಹೊತ್ತಿಗೆ ಬಂದ ೧೦೧ ಕೀಲಿಗಳ ಮಣೆಯಲ್ಲಿ. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಅಂಕಿಗಳ ಗುಂಪೇ ಇಲ್ಲ. ಇದ್ದಲ್ಲಿಯೂ ನಮ್ ಲಾಕ್ ಹತ್ತಿಕೊಂಡಿದ್ದರೆ ಕೆಲವು ಆಟಗಳಿಗೆ ಬಾಣದ ಬದಲು ಅಂಕಿ ತಲುಪುತ್ತದೆ. ೧೯೮೩ರ ‘ಡಿಗ್ಗರ್’ ಆಟದಲ್ಲಿ ಗುಂಡು ಹಾರಿಸಲು ಎಫ್೧ ಒತ್ತಬೇಕು. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿ ಧ್ವನಿ ಅಡಗಿಸುವ ಕೆಲಸಕ್ಕೆ ಹೋಗಿರುವುದರಿಂದ ‘ಎಫ್ಎನ್’ ಕೀಲಿಯನ್ನೂ ಜೊತೆಗೆ ಹಿಡಿಯಬೇಕಾಗುತ್ತದೆ.

ಇದಕ್ಕೆ ಡಾಸ್‌ಬಾಕ್ಸ್‌ನಲ್ಲಿಯೇ ಪರಿಹಾರವಿದೆ. ಕಂಟ್ರೋಲ್ ಮತ್ತು ಎಫ್೧ ಒಟ್ಟಿಗೆ ಒತ್ತಿದರೆ ಕೀಲಿಮಣೆಯ ಚಿತ್ರವೊಂದು ತೆರೆಯುತ್ತದೆ. ಅದರಲ್ಲಿ ಆಟಕ್ಕೆ ಬೇಕಾದ ಕೀಲಿಯನ್ನು ಆರಿಸಿ, ‘ಆಡ್’ ಒತ್ತಿ, ಬಳಿಕ ತಮಗೆ ಅನುಕೂಲವಾದ ಕೀಲಿಯನ್ನು ಒತ್ತಬೇಕು. ಆ ಆಟದಲ್ಲಿ ಬೇರೆ ಕೆಲಸವಿಲ್ಲದ ಕೀಲಿಯನ್ನೇ ಆರಿಸುವುದು ಲೇಸು. ಹೊಸ ಹೊಣೆ ಬಂದರೂ ಅದು ಹಳೆಯ ಹೊಣೆಯನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ‘ಸೇವ್’ ಒತ್ತದಿದ್ದರೆ ಮರುದಿನ ಎಲ್ಲವೂ ಮೊದಲಿನಂತೆಯೇ. ಮೊಮ್ಮಗನ ಯಂತ್ರದಲ್ಲಿರುವುದು ವಿಂಡೋಸ್ ಅಲ್ಲದೆ ಲಿನಕ್ಸ್ ಆಗಿದ್ದು ಬಾಣದ ಕೀಲಿಗಳು ಮಾತ್ರ ಕೆಲಸ ಮಾಡದಿದ್ದರೆ, ಡಾಸ್‌ಬಾಕ್ಸ್‌ನ ಸಂರಚನಾ ಕಡತದಲ್ಲಿ ‘ಯೂಸ್‌ಸ್ಕ್ಯಾನ್‌ಕೋಡ್ಸ್’ ಎಂಬ ಸಾಲನ್ನು ‘ಫಾಲ್ಸ್’ ಎಂದು ತಿದ್ದಿ ನೋಡುವಂತೆ ಅವನಿಗೆ ಹೇಳಬಹುದು.

ಕನ್ನಡದಲ್ಲಿ ಬರೆಯುವ ಮನೆಗಳಿಗೆ ಇನ್ನೊಂದು ಮಾತು. ಮೇಲೆ ಹೇಳಿದ ೩೨ನೆಯ ಕೀಲಿ ಇಂಗ್ಲಿಷಿನಲ್ಲಿ ‘ಡಿ’. ಕೆ.ಪಿ. ರಾವ್ ವಿನ್ಯಾಸದಲ್ಲಿ ಅದೇ ಕೀಲಿ ‘ದ’, ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅರ್ಧಾಕ್ಷರದ ಚಿಹ್ನೆ. ಸಂಖ್ಯೆಯನ್ನು ನೋಡುವ ಎಮ್ಯುಲೇಟರಿಗೆ ಇದರಿಂದ ಬಾಧೆಯಿಲ್ಲ. ಅಕ್ಷರವನ್ನು ನೋಡುವಂಥದ್ದಕ್ಕೆ ‘ದ’ ಎಂಬುದು ಏನೆಂದೇ ತಿಳಿಯದು. ಆಟಕ್ಕೆ ಕೂಡುವ ಮುನ್ನ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿಟ್ಟರೆ ಈ ಗೊಂದಲವಿಲ್ಲ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಸ್ಥಾನ ಮತ್ತು ಅಕ್ಷರಗಳ ಈ ಭೇದ ಇನ್ನೂ ಸ್ಪಷ್ಟವಾಗಿ ಕಾಣುವುದು ಬಿಬಿಸಿ ಮೈಕ್ರೋ ಯಂತ್ರದಲ್ಲಿ. ೧೯೮೪ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದದ್ದು ಆ ಯಂತ್ರವೇ. ಅಂದು ಅದರ ಮುಂದೆ ಕುಳಿತ ಅಧ್ಯಾಪಕರು ನಮ್ಮ ಓದುಗರಲ್ಲೂ ಇದ್ದಾರು. ಅದರ ಎಷ್ಟೋ ಆಟಗಳಲ್ಲಿ ಎಡಬಲಕ್ಕೆ ‘ಝಡ್’ ಮತ್ತು ‘ಎಕ್ಸ್’, ಮೇಲಕ್ಕೆ ವಿವರಣ ಚಿಹ್ನೆ, ಅಂದರೆ ಎರಡು ಚುಕ್ಕೆ, ಕೆಳಕ್ಕೆ ಓರೆಗೆರೆ. ಆ ಮಣೆಯಲ್ಲಿ ಎರಡು ಚುಕ್ಕೆಗೆ ಸ್ವಂತ ಕೀಲಿಯಿತ್ತು. ಇಂದಿನ ಮಣೆಯಲ್ಲಿ ಅದು ಶಿಫ್ಟ್ ಹಿಡಿದರೆ ಮಾತ್ರ ಬರುತ್ತದೆ, ಓಡುವ ಆಟದಲ್ಲಿ ಅದು ಆಗದ ಕೆಲಸ. ಎಮ್ಯುಲೇಟರಿನ ಆಯ್ಕೆಗಳಲ್ಲಿ ಅಕ್ಷರಾನುಸಾರದ ಬದಲು ಸ್ಥಾನಾನುಸಾರದ ಕ್ರಮವನ್ನು ಆರಿಸಿದರೆ, ಅರ್ಧವಿರಾಮದ ಬಲಕ್ಕಿರುವ ಉದ್ಧರಣ ಚಿಹ್ನೆಯ ಕೀಲಿಯೇ ಮೇಲಕ್ಕೆ ಒಯ್ಯುತ್ತದೆ. ಬಿಬಿಸಿಯ ‘ಬ್ರೇಕ್’ ಕೀಲಿಯ ಕೆಲಸವನ್ನು ‘ಬೀಬ್‌ಎಮ್’ ಎಮ್ಯುಲೇಟರಿನಲ್ಲಿ ಎಫ್೧೨ ಮಾಡುತ್ತದೆ. ಶಿಫ್ಟ್ ಹಿಡಿದು ಎಫ್೧೨ ಒತ್ತಿದರೆ ಡಿಸ್ಕಿನಲ್ಲಿರುವ ಆಟ ತಾನಾಗಿ ಆರಂಭಗೊಳ್ಳುತ್ತದೆ. ಬಿಡುವಾಗ ಮಾತ್ರ ಎಫ್೧೨ನ್ನು ಮೊದಲು ಬಿಡಬೇಕು, ಶಿಫ್ಟನ್ನು ಆಮೇಲೆ.