ಮಿಷಿನ್ ಕೊಡಿಸಿದವರು ಬೂಟನ್ನೂ ಕೊಡಿಸಲಿ

ಹಾಸನದಿಂದ ಮೊಸಳೆ ಕಡೆಗೆ ಹೋಗಲಿ, ಸಕಲೇಶಪುರದ ಕಾಫಿ ತೋಟಗಳ ಕಡೆಗೆ ಹೋಗಲಿ, ಬೆಳಿಗ್ಗೆಯಿಂದ ಕಿವಿಗೆ ಬೀಳುವುದು ಮರ ಕೊಯ್ಯುವ ಮಿಷಿನ್ ಸದ್ದು. ಘಟ್ಟ ಹತ್ತಿ ಬಂದು ನೆಲೆಸಿದ ನಮ್ಮ ಬ್ಯಾರಿ ಮನೆಗಳಿಗೆ ಮರದ ವ್ಯಾಪಾರ ಹೊಸತಲ್ಲ. ಕೊಡಲಿಯ ಕಾಲ ಹೋಯಿತು, ಪೆಟ್ರೋಲ್ ಮಿಷಿನ್ ಬಂತು. ಆದರೆ ಅದನ್ನು ಹಿಡಿಯುವ ಹುಡುಗನಿಗೆ ಕಲಿಸಿದವರು ಯಾರು? ಹೆಚ್ಚಿನ ಕಡೆ ಯಾರೂ ಇಲ್ಲ. ಇನ್ನೊಬ್ಬರು ಕೊಯ್ಯುವುದನ್ನು ನೋಡಿದ್ದೇ ಪಾಠ.

ಈ ಮಿಷಿನ್ನಿನ ದೊಡ್ಡ ಅಪಾಯ ಅದರ ಬಾರ್‌ನ ತುದಿಯಲ್ಲಿದೆ. ತುದಿಯ ಮೇಲ್ಭಾಗ ಕೊಂಬೆಗೋ ದಿಮ್ಮಿಗೋ ತಾಗಿದರೆ ಮಿಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಎಗರುತ್ತದೆ. ತಡೆಯಲು ಸಮಯವೇ ಇರುವುದಿಲ್ಲ. ಅದಕ್ಕೇ ಎರಡೂ ಕೈ ಬಿಗಿಯಾಗಿರಬೇಕು, ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು, ಚೈನ್ ಬ್ರೇಕ್ ಸರಿಯಾಗಿರಬೇಕು. ಏಣಿಯ ಮೇಲೆ ನಿಂತು, ಭುಜಕ್ಕಿಂತ ಮೇಲೆತ್ತಿ ಕೊಯ್ಯಲೇಬಾರದು. ಮೊಂಡಾದ ಚೈನ್ ಇನ್ನೂ ಕೆಟ್ಟದ್ದು, ಬಲ ಹಾಕಿ ಒತ್ತಬೇಕಾಗುತ್ತದೆ. ಚಕ್ಕೆಯ ಬದಲು ಹುಡಿ ಬೀಳತೊಡಗಿದರೆ ಅರ ಹಾಕುವ ಹೊತ್ತಾಯಿತೆಂದೇ ಅರ್ಥ.

ಮರ ಬೀಳುವ ಬದಿಯಲ್ಲಿ ಮೊದಲು ಬಾಯಿ ತೆಗೆದು, ಆಮೇಲೆ ಹಿಂದಿನಿಂದ ಕೊಯ್ಯುವುದು ಎಲ್ಲರಿಗೂ ಗೊತ್ತು. ನಡುವೆ ಸ್ವಲ್ಪ ಮರ ಉಳಿಸಬೇಕೆನ್ನುವುದನ್ನು ಮಾತ್ರ ಅವಸರದಲ್ಲಿ ಮರೆಯುತ್ತಾರೆ. ಬಾಗಿಲಿಗೆ ಕೀಲು ಇದ್ದಂತೆ ಅದು. ಪೂರ್ತಿ ಕೊಯ್ದರೆ ಮರ ಎತ್ತ ತಿರುಗುತ್ತದೋ ಹೇಳಲಾಗದು. ಹಿಂದಕ್ಕೆ ಓರೆಯಾಗಿ ಓಡುವ ದಾರಿಯನ್ನು ಮೊದಲೇ ಸವರಿಟ್ಟುಕೊಳ್ಳಬೇಕು. ಉಳಿದವರು ಮರದ ಎತ್ತರದ ಎರಡು ಪಟ್ಟು ದೂರ ನಿಲ್ಲಬೇಕು. ಬಿಸಿ ಇಂಜಿನ್‌ಗೆ ಪೆಟ್ರೋಲ್ ಸುರಿಯುವುದು, ಪಕ್ಕದಲ್ಲೇ ಬೀಡಿ ಹಚ್ಚುವುದು, ಇದನ್ನೂ ಹೇಳಬೇಕಾ? ಹೇಳಬೇಕಾಗಿದೆ. ಪೆಟ್ರೋಲ್ ತುಂಬಿದ ಜಾಗದಿಂದ ಹತ್ತಡಿ ಆಚೆ ಹೋಗಿ ಸ್ಟಾರ್ಟ್ ಮಾಡಲಿ.

ಇನ್ನು ನಮ್ಮವರ ಲುಂಗಿ ಮತ್ತು ಹವಾಯಿ ಚಪ್ಪಲಿ. "ಇಷ್ಟು ವರ್ಷ ಏನೂ ಆಗಿಲ್ಲ ಕಾಕಾ" ಅಂತಾರೆ. ಆಗುವುದು ಒಂದೇ ಸಲ. ಮಿಷಿನ್ ಕೆಲಸದವರಿಗೆಂದೇ ಕಾಲಿನ ಕವಚ ಸಿಗುತ್ತದೆ. ಚೈನ್ ತಾಗಿದೊಡನೆ ಅದರೊಳಗಿನ ಉದ್ದ ನೂಲುಗಳು ಹೊರಬಂದು ಚೈನ್ ಸುತ್ತಿ ನಿಲ್ಲಿಸಿಬಿಡುತ್ತವೆ. ಅದರ ಜೊತೆ ಬೂಟು, ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ ಬೇಕು. ಮಿಷಿನ್ ಸದ್ದು 100 ಡೆಸಿಬಲ್ ದಾಟುತ್ತದೆ; ದಿನಕ್ಕೆ ಎಂಟು ಗಂಟೆ ಕೇಳುವುದಾದರೆ 85ಕ್ಕಿಂತ ಹೆಚ್ಚು ಇರಬಾರದು.

ಇಷ್ಟನ್ನೆಲ್ಲ ಕೂಲಿ ಹುಡುಗ ಕೊಳ್ಳಲಿ ಅನ್ನುವುದು ನ್ಯಾಯವಲ್ಲ. ಲೋಡ್ ಲೆಕ್ಕದ ಕೂಲಿ ಕೊಟ್ಟು ಅವಸರ ಹುಟ್ಟಿಸುವವರು ನಾವು, ವ್ಯಾಪಾರಿಗಳು. ಸಾವಿರಗಟ್ಟಲೆ ಕೊಟ್ಟು ಮಿಷಿನ್ ಕೊಳ್ಳುತ್ತೇವೆ, ಬೂಟಿನ ಮಾತು ಬಂದಾಗ "ನೋಡುವಾ" ಅನ್ನುತ್ತೇವೆ. ಲಾರಿಗೆ ತಪ್ಪದೆ ಇನ್ಶೂರೆನ್ಸ್ ಕಟ್ಟುತ್ತೇವೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಹೋದರೆ 1 ಲಕ್ಷ ಸಿಗುತ್ತದೆ. ನಮ್ಮ ಎಷ್ಟು ಹುಡುಗರ ಹೆಸರು ಅದರಲ್ಲಿದೆ? ಉಮ್ಮಂದಿರೇ ಮಾಲೀಕರಿಗೆ ಫೋನ್ ಮಾಡಿ ಕೇಳಲಿ.

ಒಬ್ಬನನ್ನೇ ತೋಟಕ್ಕೆ ಕಳಿಸಬೇಡಿ. ಜೀಪನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ. ಗಾಯವಾದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿ ಹಿಡಿಯಬೇಕು, ಜೊತೆಗಿದ್ದವನು 108ಕ್ಕೆ ಕರೆ ಮಾಡಬೇಕು. ತೋಟದಲ್ಲಿ ಎಲ್ಲಿ ಸಿಗ್ನಲ್ ಸಿಗುತ್ತದೆಂದು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.